ಪಾಲ್ವಂಕರ್ ಬಾಲೂ

ಪಾಲ್ವಂಕರ್ ಬಾಲೂ (೧೯ ಮಾರ್ಚ್ ೧೮೭೬ – ೪ ಜುಲೈ ೧೯೫೫) ಭಾರತದ ಕ್ರಿಕೆಟ್ ಆಟಗಾರರು ಮತ್ತು ಸಾಮಾಜಿಕ-ರಾಜಕೀಯ ಕಾರ್ಯಕರ್ತರು. ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದ ಇವರು ಧಾರವಾಡದಲ್ಲಿ ಜನಿಸಿ, ಪುಣೆಯಲ್ಲಿ ಬೆಳೆದು, ಮುಂಬಯಿಯಲ್ಲಿ ಹೆಸರಾದವರು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ನೂರಕ್ಕಿಂತ ಹೆಚ್ಚು ವಿಕೆಟ್ ಪಡೆದ ಇವರನ್ನು ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎಂದು ಪರಿಗಣಿಸಲಾಗುತ್ತದೆ. ಅಸ್ಪೃಶ್ಯತೆ ಬಲವಾಗಿದ್ದ ಕಾಲದಲ್ಲಿ ದಲಿತ ಸಮುದಾಯದಿಂದ ಬಂದು ಹಿಂದೂ ತಂಡದ ಆಧಾರಸ್ತಂಭವಾದರೂ ಆ ತಂಡದ ನಾಯಕತ್ವ ಇವರಿಗೆ ದೊರೆಯಲಿಲ್ಲ. ಇವರ ತಮ್ಮಂದಿರಾದ ಶಿವರಾಮ, ವಿಠ್ಠಲ ಮತ್ತು ಗಣಪತ ಕೂಡ ಹಿಂದೂ ತಂಡಕ್ಕೆ ಆಡಿದರು. ಅಣ್ಣನಿಗೆ ಸಿಗದ ನಾಯಕ ಪದವಿ ೧೯೨೩ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು.

ಹುಟ್ಟು ಮತ್ತು ಬಾಲ್ಯ

ಬಾಲೂ ಹುಟ್ಟಿದಾಗ ಧಾರವಾಡವು, ಇಂದಿನ ಉತ್ತರ ಕನ್ನಡ, ಬೆಳಗಾವಿ, ವಿಜಯಪುರ ಜಿಲ್ಲೆಗಳಂತೆಯೇ, ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪ್ರಾಂತ್ಯದ ಒಂದು ಊರಿನಿಂದ ಇನ್ನೊಂದು ಊರಿಗೆ ನೌಕರಿಯ ನಿಮಿತ್ತ ಕುಟುಂಬಗಳು ಹೋಗಿಬರುವುದು ಸಾಮಾನ್ಯವಾಗಿತ್ತು. ಪಾಲ್ವಂಕರ್ ಎಂಬ ಮನೆತನದ ಹೆಸರು ಕೊಂಕಣದ ರತ್ನಾಗಿರಿ ಕಡೆಯ ಒಂದು ಹಳ್ಳಿಯಿಂದ ಬಂದುದು. ಆ ಕಾಲದ ಸ್ಕೋರ್ ಪಟ್ಟಿಗಳಲ್ಲಿ ಮನೆತನದ ಹೆಸರನ್ನು ಮೊದಲಕ್ಷರವಾಗಿ ಇರಿಸಿ ಪಿ. ಬಾಲೂ, ಪಿ. ಶಿವರಾಮ, ಪಿ. ವಿಠ್ಠಲ ಎಂದು ಬರೆಯುವ ರೂಢಿಯಿತ್ತು. ಹೀಗಾಗಿ ನಾಲ್ವರೂ ಒಂದೇ ಮನೆಯವರೆಂಬುದು ಹಳೆಯ ದಾಖಲೆಗಳನ್ನು ಮೇಲ್ನೋಟಕ್ಕೆ ಓದುವವರ ಗಮನಕ್ಕೆ ಬಾರದೆ ಹೋಗುವುದುಂಟು. ಧಾರವಾಡದೊಂದಿಗೆ ಬಾಲೂ ಅವರ ನಂಟು ಜನನದ ಮಟ್ಟಿಗೆ ಸೀಮಿತವಾದುದು. ಅವರನ್ನು ರೂಪಿಸಿದ್ದು ಪುಣೆಯ ದಂಡುಪ್ರದೇಶ.

ಕುಟುಂಬವು ಚರ್ಮದ ಕೆಲಸದೊಂದಿಗೆ ಗುರುತಿಸಲಾಗುತ್ತಿದ್ದ ಚಾಂಭಾರ ಜಾತಿಗೆ ಸೇರಿತ್ತು. ತಂದೆ ಸೈನ್ಯಕ್ಕೆ ಸಂಬಂಧಿಸಿದ ಉದ್ಯೋಗದಲ್ಲಿದ್ದು ಪುಣೆಗೆ ಬಂದರು. ಬ್ರಿಟಿಷ್ ಸೈನ್ಯವು ಮಹಾರರು, ಚಾಂಭಾರರು ಮೊದಲಾದವರಿಗೆ ಹಳ್ಳಿಯ ಕಟ್ಟುಪಾಡಿನ ಹೊರಗೆ ಒಂದು ಸಂಬಳದ ಬದುಕನ್ನು ಒದಗಿಸಿತ್ತು. ಅದರ ಜೊತೆಗೆ, ಯಾರೂ ಉದ್ದೇಶಿಸದೆಯೇ, ಕ್ರಿಕೆಟ್ಟನ್ನೂ ಅವರ ಮಕ್ಕಳ ಕಣ್ಣಳತೆಗೆ ತಂದಿತು. ಅಧಿಕಾರಿಗಳು ಆಡಿ ಬಿಟ್ಟ ಹಳೆಯ ದಾಂಡು, ಚೆಂಡುಗಳನ್ನು ಹಿಡಿದು ಬಾಲೂ ಮತ್ತು ಶಿವರಾಮ ಆಟ ಕಲಿತರು. ಕ್ರೀಡಾ ಮನೆತನವೆಂದರೆ ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಆಟ ಇಳಿದು ಬರುವುದು. ಪಾಲ್ವಂಕರ್ ಮನೆಯಲ್ಲಿ ಹಾಗಾಗಲಿಲ್ಲ. ಹಿರಿಯ ಮಗನೇ ಆಟವನ್ನು ಮನೆಗೆ ತಂದು ತಮ್ಮಂದಿರಿಗೆ ದಾರಿ ತೋರಿಸಿದರು.

ಪುಣೆಯ ಮೈದಾನದಲ್ಲಿ

ಬಾಲೂ ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರಿಗೆ ಬೇಕೆನಿಸಿದಾಗ ಒಂದಿಷ್ಟು ಚೆಂಡು ಎಸೆಯುವುದು ಅವರ ಕೆಲಸ. ಸಂಬಳ ತಿಂಗಳಿಗೆ ಮೂರು ರೂಪಾಯಿ. ೧೮೯೨ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ದೊರೆಯುತ್ತಿತ್ತು. ಅಭ್ಯಾಸದ ಬಲೆಗಳನ್ನು ಕಟ್ಟುವುದು, ಮೈದಾನವನ್ನು ಒಪ್ಪವಾಗಿಡುವುದು ಇಲ್ಲಿಯೂ ಅವರ ಹೊಣೆಯಾಗಿತ್ತು. ಆದರೆ ಕ್ಲಬ್ಬಿನ ಆಟಗಾರರು ಬಲೆಯಲ್ಲಿ ಇವರಿಂದ ಬೌಲಿಂಗ್ ಮಾಡಿಸಿಕೊಳ್ಳತೊಡಗಿದ್ದರಿಂದ ಆಳಿನ ಕೆಲಸವೇ ಶಿಕ್ಷಣವಾಗಿ ಬದಲಾಯಿತು.

ಈ ಶಿಕ್ಷಣದಲ್ಲಿ ಕ್ಯಾಪ್ಟನ್ ಜೆ. ಜಿ. ಗ್ರೇಗ್ ಅವರ ಪಾತ್ರ ದೊಡ್ಡದು. ಗಿಡ್ಡ ಮೈಕಟ್ಟಿನ ಗ್ರೇಗ್ ಆ ಕಾಲದಲ್ಲಿ ಭಾರತದಲ್ಲಿದ್ದ ಅತ್ಯುತ್ತಮ ಯುರೋಪಿಯನ್ ಬ್ಯಾಟುಗಾರರಲ್ಲಿ ಒಬ್ಬರು. ಇಂಗ್ಲೆಂಡಿನಲ್ಲಿ ಹ್ಯಾಂಪ್‌ಶೈರ್ ಕೌಂಟಿಗೂ ಆಡಿದವರು. ಉಳಿದವರಿಗಿಂತ ಮುಂಚಿತವಾಗಿ ಮೈದಾನಕ್ಕೆ ಬಂದು ಅವರು ಬಾಲೂ ಅವರ ಎಸೆತಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ತಿಂಗಳಿಗೆ ನಾಲ್ಕು ರೂಪಾಯಿ ದುಡಿಯುವ ಹುಡುಗನಿಗೆ ಎಂಟು ವಿಕೆಟ್ ಎಂದರೆ ಒಂದು ತಿಂಗಳ ಸಂಬಳ. ಕಥೆ ಎಷ್ಟು ನಿಜವಿದ್ದರೂ, ಪ್ರತಿದಿನ ಗಂಟೆಗಟ್ಟಲೆ ಒಬ್ಬ ಪರಿಣತ ಬ್ಯಾಟುಗಾರನಿಗೆ ಬೌಲಿಂಗ್ ಮಾಡಿದ್ದರಿಂದಲೇ ಬಾಲೂ ಅವರ ಚೆಂಡಿಗೆ ನಿಖರತೆ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಇವರಿಬ್ಬರೂ ಹಿಂದೂ ಮತ್ತು ಯುರೋಪಿಯನ್ ತಂಡಗಳ ಎದುರಾಳಿಗಳಾಗಿ ಮುಖಾಮುಖಿಯಾದರು.

ಪೂನಾ ಕ್ಲಬ್ಬಿನಲ್ಲಿ ಬಾಲೂ ಅವರಿಗೆ ಸಿಗದೆ ಹೋದದ್ದು ದಾಂಡು. ಬ್ಯಾಟಿಂಗ್ ಸಾಹೇಬರದು, ಬೌಲಿಂಗ್ ಆಳುಗಳದು ಎಂಬ ವಿಂಗಡಣೆ ಅಲ್ಲಿತ್ತು. ಅವರು ಕೊನೆಯವರೆಗೂ ಮುಖ್ಯವಾಗಿ ಬೌಲರ್ ಆಗಿಯೇ ಉಳಿದುದಕ್ಕೆ ಇದೂ ಒಂದು ಕಾರಣ. ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಒಳ್ಳೆಯ ಬ್ಯಾಟುಗಾರರಾಗಿ ಬೆಳೆದುದನ್ನು ಇದರೊಂದಿಗೆ ಹೋಲಿಸಿ ನೋಡಬೇಕು. ಅಣ್ಣ ಬಲೆಯ ಒಂದು ತುದಿಯಲ್ಲಷ್ಟೇ ನಿಲ್ಲಬಹುದಾಗಿದ್ದರೆ, ಅವರ ಹೆಸರಿನ ಬಲದಿಂದ ತಮ್ಮಂದಿರು ಇನ್ನೊಂದು ತುದಿಗೂ ತಲುಪಿದರು.

ಹಿಂದೂ ತಂಡಕ್ಕೆ ಪ್ರವೇಶ

ಪುಣೆಯ ಹಿಂದೂ ಕ್ಲಬ್ಬಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲವಿತ್ತು. ಗ್ರೇಗ್‌ರಂಥ ಬ್ಯಾಟುಗಾರರನ್ನು ಕಟ್ಟಿಹಾಕಬಲ್ಲ ಬೌಲರ್ ಅದೇ ಊರಿನಲ್ಲಿದ್ದರು. ಆದರೆ ಅವರು ಅಸ್ಪೃಶ್ಯರೆನಿಸಿದ್ದರು. ಅವರನ್ನು ಸೇರಿಸಿಕೊಳ್ಳುವ ಬಗ್ಗೆ ಕ್ಲಬ್ಬಿನಲ್ಲಿ ಚರ್ಚೆ ನಡೆಯಿತು. ಕೆಲವು ಬ್ರಾಹ್ಮಣ ಸದಸ್ಯರು ವಿರೋಧಿಸಿದರು, ತೆಲುಗು ಸದಸ್ಯರು ಬೆಂಬಲಿಸಿದರು. ಕೊನೆಗೆ ಗೆಲುವಿನ ಆಸೆಯೇ ಮೇಲಾಗಿ ಬಾಲೂ ತಂಡಕ್ಕೆ ಬಂದರು.

ಮೈದಾನದ ಒಳಗಿನ ಮತ್ತು ಹೊರಗಿನ ನಿಯಮಗಳು ಮಾತ್ರ ಬೇರೆಯಾಗಿಯೇ ಉಳಿದವು. ಬಾಲೂ ಎಸೆದ ಚರ್ಮದ ಚೆಂಡನ್ನು ಜೊತೆಯ ಆಟಗಾರರು ಮುಟ್ಟುತ್ತಿದ್ದರು, ಹಿಡಿಯುತ್ತಿದ್ದರು. ಚಹಾದ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಇವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯನಾದ ಆಳೊಬ್ಬನು ಮೈದಾನದ ಮೂಲೆಗೆ ನೀರು ತಂದುಕೊಡಬೇಕಾಗಿತ್ತು. ಇಂಥ ಸ್ಥಿತಿಯಲ್ಲಿಯೂ ಬಾಲೂ ಪುಣೆಯ ತಂಡಕ್ಕೆ ಗೆಲುವುಗಳನ್ನು ತಂದುಕೊಟ್ಟರು. ಸಾತಾರಾದ ಯುರೋಪಿಯನ್ ಜಿಮ್ಖಾನಾದ ವಿರುದ್ಧ ಏಳು ವಿಕೆಟ್ ಪಡೆದ ಪಂದ್ಯ ಇವುಗಳಲ್ಲಿ ಹೆಸರಾದುದು.

ಗೆಲುವಿನೊಂದಿಗೆ ಗೌರವವೂ ಬರತೊಡಗಿತು. ಸಮಾಜ ಸುಧಾರಕರೂ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರೂ ಆಗಿದ್ದ ಮಹಾದೇವ ಗೋವಿಂದ ರಾನಡೆ ಅವರು ಸಭೆಯೊಂದರಲ್ಲಿ ಬಾಲೂ ಅವರನ್ನು ಮೆಚ್ಚಿಕೊಂಡು, ಒಟ್ಟಿಗೆ ಆಡುವವರು ಒಟ್ಟಿಗೆ ಕುಳಿತು ಉಣ್ಣುವುದಕ್ಕೂ ಹಿಂಜರಿಯಬಾರದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ರಾನಡೆ ೧೯೦೧ರ ಜನವರಿಯಲ್ಲಿ ನಿಧನರಾದರು. ಅವರ ಮಾತು ಪುಣೆಯಲ್ಲಿ ಕೂಡಲೇ ಆಚರಣೆಗೆ ಬರಲಿಲ್ಲ.

ಮುಂಬಯಿ ಮತ್ತು ೧೯೦೬ರ ಪಂದ್ಯ

೧೮೯೬ರಲ್ಲಿ ಪಶ್ಚಿಮ ಭಾರತಕ್ಕೆ ಪ್ಲೇಗ್ ಹಬ್ಬಿದ ಕಾಲದಲ್ಲಿ ಬಾಲೂ ಮುಂಬಯಿಗೆ ನೆಲೆ ಬದಲಾಯಿಸಿದರು. ಅಲ್ಲಿ ಕೆಲಕಾಲ ಸೈನ್ಯದ ಕೆಲಸದಲ್ಲಿಯೂ ಆ ಬಳಿಕ ರೈಲ್ವೆಯಲ್ಲಿಯೂ ಇದ್ದರು. ೧೮೯೪ರಲ್ಲಿ ಸ್ಥಾಪನೆಯಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾದಲ್ಲಿಯೂ ಅವರ ಪ್ರವೇಶಕ್ಕೆ ಆಕ್ಷೇಪಗಳು ಎದ್ದವು. ಆದರೆ ಪುಣೆಗೆ ಹೋಲಿಸಿದರೆ ಮುಂಬಯಿಯ ವ್ಯಾಪಾರಿ ಸಮಾಜ ಸ್ವಲ್ಪ ಸಡಿಲವಾಗಿತ್ತು.

ಆ ಕಾಲದ ಮುಂಬಯಿ ಕ್ರಿಕೆಟ್ ಸಮುದಾಯಗಳ ಆಧಾರದ ಮೇಲೆ ನಡೆಯುತ್ತಿತ್ತೆಂಬುದನ್ನು ಇಂದಿನ ಓದುಗರು ನೆನಪಿಡಬೇಕು. ಮೊದಲು ಯುರೋಪಿಯನ್ನರು ಮತ್ತು ಪಾರಸಿಗಳ ನಡುವೆ ಪಂದ್ಯಗಳಾಗುತ್ತಿದ್ದವು. ಪಾರಸಿಗಳು ೧೮೮೬ ಮತ್ತು ೧೮೮೮ರಲ್ಲಿಯೇ ಇಂಗ್ಲೆಂಡ್ ಪ್ರವಾಸ ಮಾಡಿದ್ದರು. ೧೯೦೭ರಲ್ಲಿ ಹಿಂದೂಗಳು ಸೇರಿ ತ್ರಿಕೋನ ಸ್ಪರ್ಧೆಯಾಯಿತು, ೧೯೧೨ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನ ಸ್ಪರ್ಧೆಯಾಯಿತು. ದೇಶಕ್ಕೆ ಟೆಸ್ಟ್ ತಂಡವಿಲ್ಲದ ಆ ದಿನಗಳಲ್ಲಿ ಭಾರತೀಯ ಆಟಗಾರನೊಬ್ಬನಿಗೆ ಇದಕ್ಕಿಂತ ದೊಡ್ಡ ವೇದಿಕೆ ತವರಿನಲ್ಲಿ ಇರಲಿಲ್ಲ.

ಈ ಬೆಳವಣಿಗೆಗೆ ದಾರಿ ಮಾಡಿದ್ದು ೧೯೦೬ರ ಫೆಬ್ರವರಿಯಲ್ಲಿ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂ ಮತ್ತು ಯುರೋಪಿಯನ್ ತಂಡಗಳ ನಡುವೆ ನಡೆದ ಪಂದ್ಯ. ಹಿಂದೂಗಳು ೨೪೨ ಮತ್ತು ೧೬೦ ರನ್ ಗಳಿಸಿದರು. ಮೊದಲ ಇನಿಂಗ್ಸಿನಲ್ಲಿ ೧೯೧ ರನ್ ಮಾಡಿದ್ದ ಯುರೋಪಿಯನ್ನರಿಗೆ ಗೆಲ್ಲಲು ೨೧೨ ರನ್ ಬೇಕಾಗಿತ್ತು. ಅವರು ೧೦೨ಕ್ಕೆ ಆಲೌಟಾದರು. ೧೦೯ ರನ್‌ಗಳ ಈ ಗೆಲುವಿನಲ್ಲಿ ಬಾಲೂ ಎರಡೂ ಇನಿಂಗ್ಸಿನಿಂದ ಎಂಟು ವಿಕೆಟ್ ಪಡೆದರು. ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು.

ಬಂಗಾಳ ವಿಭಜನೆಯ ಮರುವರ್ಷ, ಸ್ವದೇಶಿ ಚಳವಳಿಯ ಬಿಸಿಯಲ್ಲಿ ಬಂದ ಈ ಗೆಲುವು ಆಟದ ಸುದ್ದಿಗಿಂತ ದೊಡ್ಡದಾಯಿತು. ಸುಧಾರಣೆಯ ಪರವಾದ ಪತ್ರಿಕೆಗಳು ಇನ್ನೊಂದು ಸಂಗತಿಯನ್ನು ಗುರುತಿಸಿದವು: ಪುಣೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದಿದ್ದ ಬಾಲೂ ಅವರಿಗೂ ಶಿವರಾಮರಿಗೂ ಮುಂಬಯಿಯ ಹಿಂದೂ ಜಿಮ್ಖಾನಾದಲ್ಲಿ ಇತರ ಆಟಗಾರರೊಂದಿಗೆ ಊಟಕ್ಕೆ ಕೂರುವ ಅವಕಾಶ ದೊರೆತಿತ್ತು. ಒಂದು ಜಾತಿಪದ್ಧತಿಯ ವಿರುದ್ಧ ಇದು ಚಿಕ್ಕ ಹೆಜ್ಜೆ. ಆದರೆ ಆ ಕಾಲದಲ್ಲಿ ಯಾವ ಸುಧಾರಣಾ ಸಭೆಯೂ ಸುಲಭವಾಗಿ ಸಾಧಿಸಲಾಗದ ಹೆಜ್ಜೆಯಾಗಿತ್ತು.

೧೯೧೧ರ ಇಂಗ್ಲೆಂಡ್ ಪ್ರವಾಸ

೧೯೧೧ರಲ್ಲಿ ಮೊದಲ ಬಾರಿಗೆ ಎಲ್ಲ ಸಮುದಾಯಗಳನ್ನು ಒಳಗೊಂಡ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕರು. ಬಾಲೂ ಮತ್ತು ಶಿವರಾಮ ಇಬ್ಬರೂ ಆಯ್ಕೆಯಾದರು. ಮಹಾರಾಜರಿಗೆ ಇಂಗ್ಲೆಂಡಿನಲ್ಲಿ ಕ್ರಿಕೆಟ್ಟಿಗಿಂತ ಬೇರೆ ಕಾರ್ಯಕ್ರಮಗಳೇ ಹೆಚ್ಚಾಗಿದ್ದವು. ಅವರು ತಂಡದ ಉತ್ತಮ ಬ್ಯಾಟುಗಾರರಲ್ಲೊಬ್ಬರಾದ ಕೆ. ಎಂ. ಮಿಸ್ತ್ರಿ ಅವರನ್ನೂ ತಮ್ಮ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ತಂಡ ಒಟ್ಟು ೨೩ ಪಂದ್ಯಗಳಲ್ಲಿ ಆರನ್ನು ಗೆದ್ದು ಹದಿನೈದನ್ನು ಸೋತಿತು.

ಸೋಲುಗಳ ನಡುವೆ ಬೌಲಿಂಗಿನ ಭಾರ ಬಹುಮಟ್ಟಿಗೆ ಬಾಲೂ ಅವರ ಮೇಲೆಯೇ ಬಿದ್ದಿತು. ಆಗ ಅವರಿಗೆ ಮೂವತ್ತೈದು ವರ್ಷ. ಭುಜದ ನೋವೂ ಕಾಡುತ್ತಿತ್ತು. ಪ್ರವಾಸದ ಎಲ್ಲ ಪಂದ್ಯಗಳಿಂದ ಅವರು ೧೧೪ ವಿಕೆಟ್‌ಗಳನ್ನು ಹತ್ತೊಂಬತ್ತಕ್ಕಿಂತ ಕಡಿಮೆ ಸರಾಸರಿಯಲ್ಲಿ ಪಡೆದರು. ಇವುಗಳಲ್ಲಿ ೭೫ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ೧೦೩ ರನ್‌ಗಳಿಗೆ ಎಂಟು ವಿಕೆಟ್ ಪಡೆದದ್ದು ಅವರ ಜೀವನದ ಅತ್ಯುತ್ತಮ ಸಾಧನೆ. ಲೆಸ್ಟರ್‌ಶೈರ್ ವಿರುದ್ಧ ಹನ್ನೊಂದು ವಿಕೆಟ್ ಪಡೆದು ಗೆಲುವಿಗೆ ಕಾರಣರಾದರು. ಮುಂದೆ ಟಾಂಟನ್ನಿನಲ್ಲಿ ಸಾಮರ್ಸೆಟ್ ವಿರುದ್ಧ ತಂಡ ಒಂದೇ ವಿಕೆಟ್ಟಿನಿಂದ ಗೆದ್ದಾಗ ಶಿವರಾಮ ಅಜೇಯ ೧೧೩ ರನ್ ಗಳಿಸಿದರು. ಇಡೀ ಪ್ರವಾಸದಲ್ಲಿ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದ ಗೆಲುವು ಈ ಎರಡೇ. ಒಂದಕ್ಕೆ ಅಣ್ಣ, ಇನ್ನೊಂದಕ್ಕೆ ತಮ್ಮ ಆಧಾರವಾದರು.

ಅವರ ಎಸೆತಗಳ ವೈಶಿಷ್ಟ್ಯವಿದ್ದುದು ವೇಗದಲ್ಲಲ್ಲ. ಒಂದೇ ಜಾಗಕ್ಕೆ ಮತ್ತೆಮತ್ತೆ ಚೆಂಡು ಹಾಕುವ ನಿಯಂತ್ರಣ, ಗಾಳಿಯಲ್ಲಿ ಚೆಂಡನ್ನು ತೇಲಿಸಿ ಬ್ಯಾಟುಗಾರನನ್ನು ಮುಂದಕ್ಕೆ ಸೆಳೆಯುವ ಜಾಣ್ಮೆ, ಎರಡೂ ದಿಕ್ಕಿಗೆ ತಿರುಗಿಸುವ ಸಾಮರ್ಥ್ಯ, ತಿಳಿಯದಂತೆ ವೇಗ ಬದಲಾಯಿಸುವ ಕಲೆ ಇವು ಅವರ ಅಸ್ತ್ರಗಳು. ಬಾಲೂ ಅವರನ್ನು ಸಾಮಾಜಿಕ ಇತಿಹಾಸದ ಒಂದು ಉದಾಹರಣೆಯಾಗಿ ಮಾತ್ರ ನೋಡುವ ಬರಹಗಳಲ್ಲಿ ಈ ಕೌಶಲದ ಮಾತು ಬದಿಗೆ ಸರಿಯುತ್ತದೆ. ಕೌಶಲವಿಲ್ಲದಿದ್ದರೆ ಪುಣೆಯ ಕ್ಲಬ್ಬಿನಲ್ಲಿ ಆ ಚರ್ಚೆಯೇ ನಡೆಯುತ್ತಿರಲಿಲ್ಲ.

ಪ್ರವಾಸ ಮುಗಿಸಿ ಬಂದ ಬಾಲೂ ಅವರಿಗೆ ಮುಂಬಯಿಯ ದಲಿತ ಸಮುದಾಯದವರು ಸನ್ಮಾನ ಏರ್ಪಡಿಸಿದರು. ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಆ ಸಂದರ್ಭದ ಸ್ವಾಗತ ಕಾರ್ಯದಲ್ಲಿ ಪಾಲ್ಗೊಂಡರು. ಅಂಬೇಡ್ಕರ್ ಅವರ ಹೆಸರು ಇನ್ನೂ ಹೊರಗೆ ತಿಳಿಯದಿದ್ದ ಆ ಕಾಲದಲ್ಲಿ ಸಮುದಾಯದ ಯುವಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಹೆಸರು ಬಾಲೂ ಅವರದು.

ಸಹೋದರರು ಮತ್ತು ನಾಯಕತ್ವದ ಪ್ರಶ್ನೆ

ಬಾಲೂ ಅವರ ಹಿಂದೆ ಶಿವರಾಮ, ಆಮೇಲೆ ಕಿರಿಯರಾದ ವಿಠ್ಠಲ ಮತ್ತು ಗಣಪತ ಹಿಂದೂ ತಂಡಕ್ಕೆ ಬಂದರು. ಒಂದು ಮನೆಯ ನಾಲ್ವರು ಇಂಥ ಸ್ಪರ್ಧೆಯಲ್ಲಿ ಆಡುವುದು ಯಾವ ಕಾಲಕ್ಕೂ ಅಪರೂಪ. ಆಡುವ ಅವಕಾಶದ ಪ್ರಶ್ನೆ ಹೀಗೆ ಬಗೆಹರಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಅನುಭವದಲ್ಲಿಯೂ ಸಾಧನೆಯಲ್ಲಿಯೂ ಎಲ್ಲರಿಗಿಂತ ಹಿರಿಯರಾದ ಬಾಲೂ ನಾಯಕರಾಗಬೇಕಲ್ಲವೇ ಎಂಬುದೇ ಅದು.

ಅಸ್ಪೃಶ್ಯನೊಬ್ಬ ಹೇಳಿದಲ್ಲಿ ಸವರ್ಣೀಯರು ಹೋಗಿ ನಿಲ್ಲುವುದನ್ನು ಆಯ್ಕೆದಾರರು ಒಪ್ಪಲಿಲ್ಲ. ವರ್ಷದಿಂದ ವರ್ಷಕ್ಕೆ ನಾಯಕತ್ವ ಬೇರೆಯವರಿಗೆ ಹೋಯಿತು. ೧೯೧೩ರಲ್ಲಿ ನಾಯಕರಾಗಿದ್ದ ಬ್ರಾಹ್ಮಣ ಆಟಗಾರ ಎಂ. ಡಿ. ಪೈ ಅವರು ಈ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಾಗಿತ್ತೆಂದು ಸಾರ್ವಜನಿಕವಾಗಿಯೇ ಒಪ್ಪಿಕೊಂಡರು. ಆದರೂ ಪದ್ಧತಿ ಬದಲಾಗಲಿಲ್ಲ.

೧೯೨೦ರಲ್ಲಿ ಈ ಅಸಮಾಧಾನ ಬಹಿರಂಗಕ್ಕೆ ಬಂದಿತು. ಪೈ ಅವರು ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಲಭ್ಯರಿರಲಿಲ್ಲ. ಹಾಗಾದರೆ ನಾಯಕತ್ವ ಬಾಲೂ ಅವರಿಗೋ ತಮ್ಮಂದಿರಲ್ಲೊಬ್ಬರಿಗೋ ಬರಬೇಕೆಂಬುದು ಹಲವರ ನಿರೀಕ್ಷೆ. ಆಯ್ಕೆದಾರರು ಬಾಲೂ ಅವರನ್ನು ತಂಡದಿಂದಲೇ ಬಿಟ್ಟು, ಪುಣೆಯ ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಿದರು. ಶಿವರಾಮ ಮತ್ತು ವಿಠ್ಠಲ ಪ್ರತಿಭಟನೆಯಾಗಿ ತಂಡದಿಂದ ಹೊರಗುಳಿದು, ತಮ್ಮ ಕಾರಣಗಳನ್ನು ಪತ್ರದ ಮೂಲಕ ಜನರ ಮುಂದಿಟ್ಟರು. ಜಾತಿಯ ಕಾರಣದಿಂದಲೇ ತಮ್ಮ ಕುಟುಂಬವನ್ನು ಕಡೆಗಣಿಸಲಾಗುತ್ತಿದೆ ಎಂಬುದು ಅದರ ಸಾರ. ಆಟಗಾರರು ಆಯ್ಕೆಯ ವಿಷಯದಲ್ಲಿ ಹೀಗೆ ಜನರ ಮುಂದೆ ಹೋದುದು ಆ ಕಾಲಕ್ಕೆ ಹೊಸದು. ಸಾರ್ವಜನಿಕ ಅಭಿಪ್ರಾಯ ಸಹೋದರರ ಕಡೆಗಿತ್ತು. ಪಾರಸಿಗಳ ವಿರುದ್ಧದ ಅಂತಿಮ ಪಂದ್ಯಕ್ಕೆ ಪೈ ನಾಯಕರಾಗಿ ಮರಳಿದರು, ಬಾಲೂ ಉಪನಾಯಕರಾದರು, ತಮ್ಮಂದಿರೂ ಆಡಿದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೊರಗೆ ಹೋದಾಗ ಸ್ವಲ್ಪ ಹೊತ್ತು ತಂಡವನ್ನು ನಡೆಸುವ ಅವಕಾಶ ಬಾಲೂ ಅವರಿಗೆ ದೊರೆಯಿತು. ಅವರಿಗೆ ಸಿಕ್ಕ ನಾಯಕತ್ವ ಇಷ್ಟೇ. ಅವರ ಪ್ರಥಮ ದರ್ಜೆಯ ಆಟವೂ ಅಲ್ಲಿಗೆ ಮುಗಿಯಿತು.

ಮೂರು ವರ್ಷಗಳ ನಂತರ, ೧೯೨೩ರಲ್ಲಿ, ವಿಠ್ಠಲ ಹಿಂದೂ ತಂಡದ ನಾಯಕರಾದರು. ಈ ನಡುವೆ ಅಸ್ಪೃಶ್ಯತೆಯ ನಿವಾರಣೆ ಕಾಂಗ್ರೆಸ್ಸಿನ ಕಾರ್ಯಕ್ರಮದ ಭಾಗವಾಗಿತ್ತು, ಗಾಂಧೀಜಿಯವರ ಪ್ರಭಾವ ಮುಂಬಯಿಯ ವ್ಯಾಪಾರಿ ವರ್ಗದಲ್ಲಿ ಹರಡಿತ್ತು. ಆ ವರ್ಷದ ಅಂತಿಮ ಪಂದ್ಯದಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಜನರು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ವಿಠ್ಠಲರ ಯೋಗ್ಯತೆಯನ್ನು ಕಡಿಮೆ ಮಾಡದೆಯೇ ಒಂದು ಮಾತು ಹೇಳಬಹುದು: ಈ ಪದವಿಗಾಗಿ ಕೇಳಿ, ಕಾದು, ನಿರಾಕರಣೆಯನ್ನು ಉಂಡವರು ಅಣ್ಣ. ಅಣ್ಣನ ಪರವಾಗಿ ತಂಡವನ್ನೇ ತೊರೆಯುವ ಧೈರ್ಯವನ್ನು ತೋರಿದವರು ತಮ್ಮಂದಿರು. ಮನೆಯೊಳಗಿನ ಈ ಒಗ್ಗಟ್ಟು ಇಲ್ಲದಿದ್ದರೆ ಆಯ್ಕೆದಾರರ ನಿಲುವು ಅಷ್ಟು ಬೇಗ ಸಡಿಲವಾಗುತ್ತಿತ್ತೇ ಎಂಬುದು ಅನುಮಾನ.

ಸಾರ್ವಜನಿಕ ಜೀವನ

ಆಟದಿಂದ ನಿವೃತ್ತರಾದ ಬಾಲೂ ದಲಿತರ ಹಕ್ಕುಗಳ ರಾಜಕಾರಣಕ್ಕೆ ಬಂದರು. ಗಾಂಧೀಜಿಯವರ ಬಗ್ಗೆ ಅವರಿಗೆ ಗೌರವವಿತ್ತು, ಅಂಬೇಡ್ಕರ್ ಅವರೊಂದಿಗೆ ಪರಿಚಯವೂ ಇತ್ತು. ಇವರಿಬ್ಬರ ದಾರಿಗಳು ಬೇರೆಯಾದಾಗ ಬಾಲೂ ಅವರ ಸ್ಥಿತಿ ಕಷ್ಟದ್ದಾಯಿತು. ೧೯೩೨ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಪ್ರಕಟಿಸಿತು. ಅದನ್ನು ವಿರೋಧಿಸಿ ಗಾಂಧೀಜಿ ಸೆಪ್ಟೆಂಬರ್ ೨೦ರಂದು ಯರವಡಾ ಸೆರೆಮನೆಯಲ್ಲಿ ಉಪವಾಸ ಆರಂಭಿಸಿದರು. ಮದರಾಸಿನ ಎಂ. ಸಿ. ರಾಜಾ ಮತ್ತು ಬಾಲೂ ಪ್ರತ್ಯೇಕ ಮತಕ್ಷೇತ್ರಗಳಿಗೆ ಬದಲಾಗಿ ಜಂಟಿ ಮತಕ್ಷೇತ್ರಗಳಲ್ಲಿ ಮೀಸಲು ಸ್ಥಾನಗಳಿರಲೆಂಬ ಪಕ್ಷದವರು. ಅಂಬೇಡ್ಕರ್ ಅವರೊಂದಿಗಿನ ಸಂಧಾನದಲ್ಲಿ ಇಬ್ಬರೂ ಪಾಲ್ಗೊಂಡರು. ಸೆಪ್ಟೆಂಬರ್ ೨೪ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಅವರೂ ಒಬ್ಬರು.

ಮರುವರ್ಷ ಅವರು ಮುಂಬಯಿ ನಗರಸಭೆಗೆ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ನಿಂತು ಸೋತರು. ೧೯೩೫ರಲ್ಲಿ ಹಿಂದೂ ಧರ್ಮವನ್ನು ತೊರೆಯುವುದಾಗಿ ಅಂಬೇಡ್ಕರ್ ಯೇವಲೆಯಲ್ಲಿ ಘೋಷಿಸಿದಾಗ ಬಾಲೂ ಆ ದಾರಿಯನ್ನು ಒಪ್ಪಲಿಲ್ಲ. ೧೯೩೭ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಅವರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರ್ ೧೩,೨೪೫ ಮತಗಳನ್ನೂ ಬಾಲೂ ೧೧,೨೨೫ ಮತಗಳನ್ನೂ ಪಡೆದರು. ಕಾಲು ಶತಮಾನದ ಹಿಂದೆ ಒಬ್ಬರ ಸ್ವಾಗತಕ್ಕೆ ಬಂದಿದ್ದವರು ಈಗ ಗೆದ್ದ ಎದುರಾಳಿಯಾಗಿದ್ದರು. ಈ ಸೋಲಿನ ನೆನಪು ಬಾಲೂ ಅವರ ಹೆಸರು ದಲಿತ ಚಳವಳಿಯ ಇತಿಹಾಸದಲ್ಲಿ ಹಿಂದೆ ಸರಿಯಲು ಒಂದು ಕಾರಣವಾಗಿರಬೇಕು. ಅವರಿಬ್ಬರ ಭಿನ್ನಾಭಿಪ್ರಾಯವಿದ್ದುದು ದಾರಿಯ ಬಗ್ಗೆ; ಅಸ್ಪೃಶ್ಯತೆ ಹೋಗಬೇಕೆಂಬ ವಿಷಯದಲ್ಲಿ ಅಲ್ಲ.

ಆಟದ ಅಂಕಿ ಅಂಶ ಮತ್ತು ನಂತರದ ನೆನಪು

ಪ್ರಥಮ ದರ್ಜೆಯೆಂದು ಪರಿಗಣಿಸಲಾದ ೩೩ ಪಂದ್ಯಗಳಲ್ಲಿ ಬಾಲೂ ೧೭೯ ವಿಕೆಟ್‌ಗಳನ್ನು ೧೫.೨೧ರ ಸರಾಸರಿಯಲ್ಲಿ ಪಡೆದಿದ್ದಾರೆ. ಇನಿಂಗ್ಸಿನಲ್ಲಿ ಐದು ಅಥವಾ ಹೆಚ್ಚು ವಿಕೆಟ್ ಪಡೆದದ್ದು ಹದಿನೇಳು ಸಲ. ಈ ಲೆಕ್ಕ ಶುರುವಾಗುವುದೇ ಅವರ ಮೂವತ್ತನೆಯ ವಯಸ್ಸಿನ ಸುಮಾರಿಗೆ. ಪುಣೆಯ ದಿನಗಳ ವಿಕೆಟ್‌ಗಳು ಇದರಲ್ಲಿ ಸೇರಿಲ್ಲ. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್‌ನಲ್ಲಿ ಆಡಿದ್ದು ೧೯೩೨ರ ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಪಾಲ್ವಂಕರ್ ಸಹೋದರರ ಆಟದ ಕಾಲ ಮುಗಿದಿತ್ತು.

ವಿಠ್ಠಲ ಅವರು ೧೯೪೮ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಆತ್ಮಕಥೆಯನ್ನು ಪ್ರಕಟಿಸಿದರು. ಅಣ್ಣನ ಜೀವನದ ಹಲವು ವಿವರಗಳು ಉಳಿದಿರುವುದಕ್ಕೆ ಈ ಪುಸ್ತಕವೂ ಕಾರಣ. ಬಾಲೂ ೧೯೫೫ರ ಜುಲೈ ೪ರಂದು ಮುಂಬಯಿಯಲ್ಲಿ ನಿಧನರಾದರು. ಸುಮಾರು ಅರ್ಧ ಶತಮಾನ ಅವರ ಹೆಸರು ಹೆಚ್ಚಾಗಿ ಕ್ರಿಕೆಟ್ ದಾಖಲೆಗಳಲ್ಲಷ್ಟೇ ಉಳಿದಿತ್ತು. ೨೦೦೨ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತದ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಪಾಲ್ವಂಕರ್ ಸಹೋದರರಿಗೆ ಪ್ರಮುಖ ಸ್ಥಾನ ನೀಡಿದ ಮೇಲೆ ಹೊಸ ತಲೆಮಾರಿನ ಓದುಗರಿಗೆ ಅವರ ಪರಿಚಯವಾಯಿತು.